ಇತಿಹಾಸ ಓದಲು ತೋಟ ಒತ್ತೆ ಇಡಬಹುದೆ?

ಎರಡು ವರ್ಷಗಳ ಹಿಂದಿನ ಮಾತು. ಹೊಸನಗರ ತಾಲ್ಲೂಕಿನ ಅಡಿಕೆ ಬೆಳೆಗಾರರೊಬ್ಬರು ಒಂದು ಸಂಜೆ ಮಗಳನ್ನು ಕರೆದುಕೊಂಡು ಶಿವಮೊಗ್ಗದ ನಮ್ಮ ಮನೆಗೆ ಬಂದರು. ಹುಡುಗಿ ಬಿ.ಎ.ಯಲ್ಲಿ ನನ್ನ ವಿದ್ಯಾರ್ಥಿನಿ; ನಾನು ನಿವೃತ್ತನಾಗುವ ಮುನ್ನ ಪಾಠ ಹೇಳಿದ ಕೊನೆಯ ತಂಡದವಳು. ಅವಳ ಕೈಯಲ್ಲಿ ಲಂಡನ್ನಿನ ವಿಶ್ವವಿದ್ಯಾಲಯವೊಂದರ ಪ್ರವೇಶಪತ್ರವಿತ್ತು. ಇತಿಹಾಸದಲ್ಲಿ ಎಂ.ಎ., ಒಂದು ವರ್ಷದ ಕೋರ್ಸು. ಸೀಟು ಉಳಿಸಿಕೊಳ್ಳಲು ಠೇವಣಿ ಕಟ್ಟಬೇಕು, ಅದಕ್ಕೆ ಉಳಿದಿರುವುದು ಮೂರೇ ವಾರ.

ಕಾಫಿ ಕುಡಿದು ಲೋಟ ಕೆಳಗಿಟ್ಟ ತಂದೆ ನೇರವಾಗಿ ವಿಷಯಕ್ಕೆ ಬಂದರು. ‘ಮೇಷ್ಟ್ರೇ, ಇದು ಎಂಜಿನಿಯರಿಂಗ್ ಆಗಿದ್ರೆ ಕಣ್ಣು ಮುಚ್ಚಿಕೊಂಡು ತೋಟದ ಪತ್ರ ಬ್ಯಾಂಕಿಗೆ ಕೊಡ್ತಿದ್ದೆ. ಇತಿಹಾಸಕ್ಕೂ ತೋಟ ಒತ್ತೆ ಇಡಬಹುದಾ? ನೀವೇ ಹೇಳಿ.’

ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದವನಿಗೆ ಇದಕ್ಕಿಂತ ಕಷ್ಟದ ಪ್ರಶ್ನೆ ಇನ್ನೊಂದಿಲ್ಲ. ಇಡಿ ಎಂದರೆ ಎರಡೂವರೆ ಎಕರೆ ತೋಟದ ಹೊಣೆ ನನ್ನ ಮೇಲೆ. ಬೇಡ ಎಂದರೆ, ಇಷ್ಟು ವರ್ಷ ತರಗತಿಯಲ್ಲಿ ನಾನು ಹೇಳಿದ್ದೆಲ್ಲ ಸುಳ್ಳೆ? ಹುಡುಗಿ ನನ್ನನ್ನೇ ನೋಡುತ್ತಿದ್ದಳು.

ಇಂಥ ಪ್ರಶ್ನೆ ಇಂದು ಅನೇಕ ಮನೆಗಳಲ್ಲಿದೆ. ಅಂದು ನಾವು ಮೂವರೂ ಕುಳಿತು ಆಡಿದ ಮಾತು, ಹಾಕಿದ ಲೆಕ್ಕ ಇತರರಿಗೂ ಉಪಯೋಗಕ್ಕೆ ಬರಬಹುದೆಂದು ಇಲ್ಲಿ ಬರೆಯುತ್ತಿದ್ದೇನೆ. ಲೆಕ್ಕವನ್ನು ಮಾತ್ರ ಈಚಿನ ದರಗಳಿಗೆ ಹೊಂದಿಸಿದ್ದೇನೆ.

ನಮ್ಮ ಚರಿತ್ರೆ ಅಲ್ಲೇಕೆ?

‘ನಮ್ಮ ದೇಶದ ಇತಿಹಾಸ ಓದೋಕೆ ಇಂಗ್ಲೆಂಡಿಗೆ ಯಾಕೆ ಹೋಗಬೇಕು?’ ಇದು ತಂದೆಯ ಮೊದಲ ಆಕ್ಷೇಪ. ಕೇಳಲು ಸಮಂಜಸವಾಗಿಯೇ ಇದೆ. ಆದರೆ ನಮ್ಮ ಇತಿಹಾಸದ ಕಾಗದಪತ್ರಗಳು ನಮ್ಮಲ್ಲೇ ಉಳಿದಿವೆಯೆ?

ಹಂಪಿಯನ್ನೇ ತೆಗೆದುಕೊಳ್ಳಿ. ವಿಜಯನಗರದ ವೈಭವ ವರ್ಣಿಸುವಾಗ ನಾವೆಲ್ಲ ಡೊಮಿಂಗೊ ಪಾಯೆಸ್ ಮತ್ತು ನುನಿಜ್ ಎಂಬ ಪೋರ್ಚುಗೀಸರ ಹೆಸರು ಹೇಳುತ್ತೇವೆ. ಅವರ ಬರಹದ ಹಸ್ತಪ್ರತಿ ಇದ್ದದ್ದು ಪ್ಯಾರಿಸ್ಸಿನ ಗ್ರಂಥಾಲಯದಲ್ಲಿ. 1897ರಲ್ಲಿ ಅದು ಲಿಸ್ಬನ್ನಿನಲ್ಲಿ ಅಚ್ಚಾಯಿತು; 1900ರಲ್ಲಿ ರಾಬರ್ಟ್ ಸಿವೆಲ್ ತಮ್ಮ ಗ್ರಂಥದಲ್ಲಿ ಇಂಗ್ಲಿಷಿಗೆ ತಂದರು. ಟಿಪ್ಪು ಸುಲ್ತಾನ್ ತನ್ನ ಕನಸುಗಳನ್ನು ಪಾರಸಿಯಲ್ಲಿ ಬರೆದಿಟ್ಟ ಪುಸ್ತಕ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. 1834ರಲ್ಲಿ ಮಂಗಳೂರಿಗೆ ಬಂದು ಶಾಲೆ, ಮುದ್ರಣಾಲಯ, ಹೆಂಚಿನ ಕಾರ್ಖಾನೆ ನಡೆಸಿದ ಬಾಸೆಲ್ ಮಿಶನ್ನಿನವರು ಊರಿಗೆ ಬರೆದ ಪತ್ರಗಳು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ದಾಖಲಾಗಾರದಲ್ಲಿವೆ.

ಈಸ್ಟ್ ಇಂಡಿಯಾ ಕಂಪನಿಯ ಹಾಗೂ ಮುಂದಿನ ಬ್ರಿಟಿಷ್ ಆಡಳಿತದ ಕಡತಗಳಂತೂ ಬ್ರಿಟಿಷ್ ಲೈಬ್ರರಿಯಲ್ಲಿ ಸಾಲಾಗಿ ಜೋಡಿಸಿದರೆ 14 ಕಿಲೋಮೀಟರಿನಷ್ಟಿವೆ! ಇಲ್ಲಿಂದ ಹೋದ ವರದಿ, ಪತ್ರಗಳ ಪ್ರತಿಗಳನ್ನು ಕಂಪನಿಯ ಗುಮಾಸ್ತರು ಅಲ್ಲಿ ಸಂಪುಟ ಸಂಪುಟವಾಗಿ ಕಟ್ಟಿಟ್ಟರು.

ನಮ್ಮ ಹುಡುಗಿಗೆ ಬೇಕಾಗಿದ್ದದ್ದು ಇದೇ. ಅವಳ ಆಸಕ್ತಿ 1830-31ರ ನಗರ ದಂಗೆ. ಕಂದಾಯದ ಹೊರೆ ತಾಳಲಾರದೆ ನಗರ ಸೀಮೆಯ ರೈತರು ಊರೂರಲ್ಲಿ ಕೂಟ ಸೇರಿ ಮೈಸೂರು ದೊರೆತನದ ವಿರುದ್ಧ ಎದ್ದರು. ಅದನ್ನೇ ಮುಂದಿಟ್ಟು 1831ರಲ್ಲಿ ಗವರ್ನರ್ ಜನರಲ್ ಬೆಂಟಿಂಕ್, ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತವನ್ನು ಕಂಪನಿಗೆ ತೆಗೆದುಕೊಂಡ. ಅದು ಒಡೆಯರ ಮನೆತನಕ್ಕೆ ಮರಳಿ ಬಂದದ್ದು 1881ರಲ್ಲಿ. ಐವತ್ತು ವರ್ಷ ಒಂದು ರಾಜ್ಯದ ಗತಿಯನ್ನೇ ಬದಲಿಸಿದ ಈ ಘಟನೆಗೆ ನಮ್ಮ ಪಠ್ಯಪುಸ್ತಕಗಳಲ್ಲಿ ಸಿಗುವುದು ಒಂದೆರಡು ಪ್ಯಾರಾ. ‘ನಮ್ಮೂರಿನ ಕತೆ ಸರ್ ಅದು. ಆ ಕೂಟದಲ್ಲಿ ಯಾರ್‍ಯಾರು ಕೂತಿದ್ರು ಅಂತ ಗೊತ್ತಾಗಬೇಕು’ ಎಂದಳು.

ಇದು ಒಳ್ಳೆಯ ಕಾರಣ. ಆದರೆ ಇದರ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಎಲ್ಲವೂ ಕಡಲಾಚೆಗೆ ಹೋಗಿಲ್ಲ. ಬೆಂಗಳೂರು ಮತ್ತು ಮೈಸೂರಿನ ರಾಜ್ಯ ಪತ್ರಾಗಾರ, ದೆಹಲಿಯ ರಾಷ್ಟ್ರೀಯ ಪತ್ರಾಗಾರ, ಚೆನ್ನೈನ ಪತ್ರಾಗಾರಗಳಲ್ಲಿ ಧೂಳು ಕೊಡವದ ಕಡತಗಳು ಎಷ್ಟೋ ಇವೆ. ಮೆಕೆಂಜಿ ಊರೂರು ಅಲೆಸಿ ಬರೆಸಿದ ಕೈಫಿಯತ್ತುಗಳಲ್ಲಿ ಕನ್ನಡದವು ಬಹುಪಾಲು ಚೆನ್ನೈನಲ್ಲೇ ಉಳಿದಿವೆ. ಬಸ್ಸಿನ ದೂರದಲ್ಲಿರುವುದನ್ನು ನೋಡದೆ ವಿಮಾನ ಹತ್ತುವುದು ಜಾಣತನವಲ್ಲ.

ಅಲ್ಲಿ ಕಲಿಸುವ ಬಗೆ

ಹಾಗಾದರೆ ವಿದೇಶದ ಎಂ.ಎ. ಕೊಡುವುದೇನು? ಕಡತಕ್ಕಿಂತ ಹೆಚ್ಚಾಗಿ, ಕಡತ ಓದುವ ಕ್ರಮ.

ನಮ್ಮಲ್ಲಿ ಎಂ.ಎ. ಎಂದರೆ ಈಗಲೂ ಬಹುಮಟ್ಟಿಗೆ ಟಿಪ್ಪಣಿ ಮತ್ತು ಪರೀಕ್ಷೆ. ಬ್ರಿಟನ್ನಿನ ಎಂ.ಎ. 180 ಕ್ರೆಡಿಟ್ಟುಗಳದ್ದು, ಅದರಲ್ಲಿ ಸಾಮಾನ್ಯವಾಗಿ 60 ಕ್ರೆಡಿಟ್ ಒಂದು ಪ್ರಬಂಧಕ್ಕೆ ಮೀಸಲು. ಅನೇಕ ಕಡೆ ಅದು ಸುಮಾರು 15 ಸಾವಿರ ಪದಗಳಷ್ಟಿರಬೇಕು. ತರಗತಿಯಲ್ಲಿ ಹತ್ತು ಹದಿನೈದು ಮಂದಿ ಮೇಜಿನ ಸುತ್ತ ಕೂರುತ್ತಾರೆ. ವಾರಕ್ಕೆ ಇಂತಿಷ್ಟು ಓದಿಕೊಂಡು ಬರಬೇಕು. ಅಧ್ಯಾಪಕರು ಪಾಠ ಹೇಳುವುದಿಲ್ಲ, ಪ್ರಶ್ನೆ ಕೇಳುತ್ತಾರೆ. ಈ ಲೇಖಕ ಹೀಗೇಕೆ ಹೇಳಿದ? ಯಾವ ದಾಖಲೆ ನಂಬಿದ? ಯಾವುದನ್ನು ಬಿಟ್ಟ? ನಿಮ್ಮ ಬರಹವನ್ನು ಸಾಲುಸಾಲಾಗಿ ಓದಿ ತಪ್ಪು ತೋರಿಸುತ್ತಾರೆ.

ಕೆಲವು ವರ್ಷಗಳ ಹಿಂದೆ ಹೀಗೆ ಹೋಗಿ ಬಂದ ನನ್ನ ಇನ್ನೊಬ್ಬ ವಿದ್ಯಾರ್ಥಿ ಹೇಳಿದ್ದು ನೆನಪಿದೆ. ಮೊದಲ ಎರಡು ತಿಂಗಳು ಅವನು ತರಗತಿಯಲ್ಲಿ ಬಾಯಿ ಬಿಟ್ಟಿರಲಿಲ್ಲವಂತೆ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಇಂಗ್ಲಿಷಿನಲ್ಲಿ ವಾಕ್ಯ ಜೋಡಿಸಿಕೊಳ್ಳುವಷ್ಟರಲ್ಲಿ ಚರ್ಚೆ ಮುಂದಕ್ಕೆ ಹೋಗಿರುತ್ತಿತ್ತು. ಒಂದು ದಿನ ಶಾಸನಗಳ ಮಾತು ಬಂತು. ಬಿ.ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಇಂಗ್ಲಿಷ್ ಸಾರಾಂಶವನ್ನು ಎಲ್ಲರೂ ಓದಿಕೊಂಡು ಬಂದಿದ್ದರು. ಇವನೊಬ್ಬನೇ ಮೂಲ ಕನ್ನಡವನ್ನು ಓದಿದ್ದ. ಸಾರಾಂಶದಲ್ಲಿ ಇಲ್ಲದ ಎರಡು ಶಬ್ದ ಮೂಲದಲ್ಲಿವೆ ಎಂದು ಎದ್ದು ಹೇಳಿದನಂತೆ. ‘ಆಮೇಲೆ ಕನ್ನಡದ ಮಾತು ಬಂದಾಗಲೆಲ್ಲ ನನ್ನ ಕಡೆ ತಿರುಗೋರು ಸರ್’ ಎಂದ.

ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು. ಇಂಗ್ಲಿಷ್ ಬೇಕೇ ಬೇಕು. ಇತಿಹಾಸಕ್ಕೆ ಐಇಎಲ್‌ಟಿಎಸ್ ಪರೀಕ್ಷೆಯಲ್ಲಿ ಬಹಳ ಕಡೆ 7 ಅಂಕ ಕೇಳುತ್ತಾರೆ. ಆದರೆ ಆ ಮೇಜಿನ ಸುತ್ತ ಕೂತವರೆಲ್ಲರಿಗೂ ಇಂಗ್ಲಿಷ್ ಬರುತ್ತದೆ. ಹಳಗನ್ನಡ ಓದಬಲ್ಲವರು, ಕಡತದ ಕೈಬರಹ ಬಿಡಿಸಬಲ್ಲವರು, ಮೋಡಿ ಲಿಪಿಯನ್ನೋ ಪಾರಸಿಯನ್ನೋ ಸ್ವಲ್ಪವಾದರೂ ಕಲಿತವರು ಅಲ್ಲಿ ವಿರಳ. ವಿದೇಶಕ್ಕೆ ಹೋಗುವ ತಯಾರಿಯಲ್ಲಿ ಕನ್ನಡವನ್ನು ಬದಿಗಿಡುವವರು ತಮ್ಮ ಕೈಯಲ್ಲಿರುವ ಬಂಡವಾಳವನ್ನೇ ಬಿಸಾಡಿದಂತೆ.

ಒಂದು ವರ್ಷ ಬಹಳ ಬೇಗ ಮುಗಿಯುತ್ತದೆ ಎಂಬುದೂ ತಿಳಿದಿರಲಿ. ಸೆಪ್ಟೆಂಬರ್ ಕೊನೆಗೆ ಆರಂಭ. ಬೇಸಿಗೆಗೆ ಮುನ್ನ ತರಗತಿ ಮುಗಿಯುತ್ತದೆ. ಪ್ರಬಂಧಕ್ಕೆ ಪೂರ್ತಿ ಸಿಗುವುದು ಬೇಸಿಗೆಯ ಎರಡು ಮೂರು ತಿಂಗಳು. ಅಲ್ಲಿ ಹೋಗಿ ವಿಷಯ ಹುಡುಕುತ್ತೇನೆ ಎನ್ನುವವರಿಗೆ ಸಮಯವೇ ಇರುವುದಿಲ್ಲ. ಸಾಲದ್ದಕ್ಕೆ ಅನಿರೀಕ್ಷಿತ ತೊಡಕುಗಳೂ ಇರುತ್ತವೆ. 2023ರ ಅಕ್ಟೋಬರಿನಲ್ಲಿ ಬ್ರಿಟಿಷ್ ಲೈಬ್ರರಿಯ ಕಂಪ್ಯೂಟರ್ ಜಾಲದ ಮೇಲೆ ಕನ್ನಗಳ್ಳರ ದಾಳಿಯಾಗಿ ಅದರ ಗ್ರಂಥಸೂಚಿಯೇ ತಿಂಗಳುಗಟ್ಟಲೆ ಸ್ಥಗಿತಗೊಂಡಿತು. ಆ ವರ್ಷ ಅಲ್ಲಿನ ದಾಖಲೆಗಳನ್ನೇ ನಂಬಿ ಬಂದಿದ್ದ ವಿದ್ಯಾರ್ಥಿಗಳ ಪಾಡು ಊಹಿಸಿ.

ಕಾಗದದ ಮೇಲೆ ಲೆಕ್ಕ

ಇನ್ನು ಹಣದ ಮಾತು. ಬ್ರಿಟನ್ನಿನಲ್ಲಿ ಇತಿಹಾಸದ ಎಂ.ಎ.ಗೆ ವಿದೇಶಿ ವಿದ್ಯಾರ್ಥಿಗಳ ಶುಲ್ಕ ಸುಮಾರು 20ರಿಂದ 30 ಸಾವಿರ ಪೌಂಡ್. ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳಲ್ಲಿ ಇನ್ನೂ ಹೆಚ್ಚು. ಪೌಂಡಿಗೆ 120 ರೂಪಾಯಿಯಂತೆ ಹಿಡಿದರೆ 25 ಸಾವಿರ ಪೌಂಡ್ ಎಂದರೆ 30 ಲಕ್ಷ ರೂಪಾಯಿ.

ಊಟ-ವಸತಿಗೆ ಹಣವಿದೆಯೆಂದು ವೀಸಾಕ್ಕೆ ಮುನ್ನವೇ ತೋರಿಸಬೇಕು. 2025ರ ನವೆಂಬರಿನಿಂದ ಜಾರಿಗೆ ಬಂದ ನಿಯಮದಂತೆ ಲಂಡನ್ನಿನಲ್ಲಿ ತಿಂಗಳಿಗೆ 1,529 ಪೌಂಡ್, ಬೇರೆ ಊರುಗಳಲ್ಲಿ 1,171 ಪೌಂಡಿನಂತೆ ಒಂಬತ್ತು ತಿಂಗಳಿನದು. ಲಂಡನ್ನಿಗಾದರೆ ಇದೇ ಹದಿನಾರೂವರೆ ಲಕ್ಷ ದಾಟುತ್ತದೆ. ಇರುವುದು ಒಂಬತ್ತಲ್ಲ, ಹನ್ನೆರಡು ತಿಂಗಳು. ಆರೋಗ್ಯ ಸೇವೆಯ ಶುಲ್ಕವೆಂದು ವರ್ಷಕ್ಕೆ 776 ಪೌಂಡಿನ ಲೆಕ್ಕದಲ್ಲಿ, ಒಂದು ವರ್ಷದ ಕೋರ್ಸಿಗೆ 1,164 ಪೌಂಡ್ ಮುಂಗಡವಾಗಿ ಕಟ್ಟಬೇಕು. ವೀಸಾ ಶುಲ್ಕ, ವಿಮಾನ, ಬೆಚ್ಚನೆಯ ಬಟ್ಟೆ ಎಲ್ಲ ಸೇರಿದರೆ ಲಂಡನ್ನಿನ ಒಂದು ವರ್ಷಕ್ಕೆ ಅರ್ಧ ಕೋಟಿ ದಾಟುತ್ತದೆ.

‘ಪಾರ್ಟ್‌ಟೈಮ್ ಕೆಲಸ ಮಾಡ್ತೀನಿ’ ಎಂದು ಹುಡುಗಿ ನಡುವೆ ಹೇಳಿದಳು. ತರಗತಿ ನಡೆಯುವಾಗ ವಾರಕ್ಕೆ 20 ಗಂಟೆ ಮಾತ್ರ ಕೆಲಸ ಮಾಡಬಹುದು. ಅದರಿಂದ ಕೈಖರ್ಚು ಕಳೆಯಬಹುದೇ ಹೊರತು ಶುಲ್ಕ ಕಟ್ಟಲಾಗದು. ಓದಬೇಕಾದ ವೇಳೆಯೂ ಅದರಲ್ಲೇ ಹೋಗುತ್ತದೆ.

ಸಾಲದ ಮಾತಿಗೆ ಬಂದೆವು. ಶಿಕ್ಷಣ ಸಾಲದ ಮಾದರಿ ಯೋಜನೆಯಲ್ಲಿ ಏಳೂವರೆ ಲಕ್ಷದ ಮೇಲೆ ಹೋದರೆ ಬ್ಯಾಂಕು ಆಸ್ತಿಯ ಭದ್ರತೆ ಕೇಳುತ್ತದೆ. ಅಂದರೆ ತೋಟ. 40 ಲಕ್ಷ ಸಾಲವನ್ನು ಶೇಕಡ 10ರ ಬಡ್ಡಿಯಲ್ಲಿ ಹತ್ತು ವರ್ಷಕ್ಕೆ ತೀರಿಸುವುದಾದರೆ ತಿಂಗಳ ಕಂತು ಸುಮಾರು 53 ಸಾವಿರ ರೂಪಾಯಿ. ನಮ್ಮ ಸರ್ಕಾರಿ ಪದವಿ ಕಾಲೇಜಿನ ಅತಿಥಿ ಉಪನ್ಯಾಸಕರ ತಿಂಗಳ ಗೌರವಧನ ಇದಕ್ಕಿಂತ ಕಡಿಮೆ! ನಾನು ಈ ಎರಡು ಅಂಕಿಗಳನ್ನು ಒಂದರ ಕೆಳಗೊಂದು ಬರೆದಾಗ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಅಲ್ಲಿಯೇ ಕೆಲಸ ಹಿಡಿದು ಸಾಲ ತೀರಿಸಬಹುದಲ್ಲ ಎನ್ನುವವರಿದ್ದಾರೆ. ಕೋರ್ಸು ಮುಗಿದ ಮೇಲೆ ಎರಡು ವರ್ಷ ಉಳಿಯಲು ಅವಕಾಶ ಕೊಡುವ ವೀಸಾ 2021ರಲ್ಲಿ ಬಂತು. 2027ರ ಜನವರಿ 1ರಿಂದ ಅರ್ಜಿ ಹಾಕುವ ಎಂ.ಎ. ಪದವೀಧರರಿಗೆ ಅದನ್ನು 18 ತಿಂಗಳಿಗೆ ಇಳಿಸಲು ಅಲ್ಲಿನ ಸರ್ಕಾರ ತೀರ್ಮಾನಿಸಿದೆ. ಅನಂತರವೂ ಉಳಿಯಬೇಕಾದರೆ ಹೆಚ್ಚು ಸಂಬಳದ, ವೀಸಾ ಕೊಡಿಸಬಲ್ಲ ಕೆಲಸವೇ ಬೇಕು. ವಸ್ತುಸಂಗ್ರಹಾಲಯ, ದಾಖಲಾಗಾರಗಳ ಆರಂಭದ ಕೆಲಸಗಳಲ್ಲಿ ಅಂಥ ಸಂಬಳ ಅಪರೂಪ. ಶಾಸನ ಓದಿ ಮೆಚ್ಚುಗೆ ಪಡೆದ ಆ ಹುಡುಗನೂ ಊರಿಗೆ ಮರಳಿ ಬೆಂಗಳೂರಿನ ಕಂಪನಿಯೊಂದರಲ್ಲಿ ಬರವಣಿಗೆಯ ಕೆಲಸ ಮಾಡುತ್ತ ಸಾಲ ತೀರಿಸುತ್ತಿದ್ದಾನೆ. ಹೋಗಿದ್ದಕ್ಕೆ ಅವನಿಗೆ ಪಶ್ಚಾತ್ತಾಪವಿಲ್ಲ. ಆದರೆ ಇತಿಹಾಸದ ಪುಸ್ತಕ ಬಿಚ್ಚಲು ಭಾನುವಾರ ಮಾತ್ರ ಸಮಯ.

ಬೇರೆ ದಾರಿಗಳಿವೆ

ಇಷ್ಟಕ್ಕೇ ಆಸೆ ಬಿಡಬೇಕಾಗಿಲ್ಲ. ಬೇರೆಯವರ ಹಣದಲ್ಲಿ ಹೋಗುವ ದಾರಿಗಳು ಕೆಲವಿವೆ, ಮತ್ತು ಅವು ಪ್ರತಿಭೆಯನ್ನು ನೋಡಿಯೇ ಕೊಡುವಂಥವು.

ಬ್ರಿಟಿಷ್ ಸರ್ಕಾರದ ಚೀವನಿಂಗ್ ವಿದ್ಯಾರ್ಥಿವೇತನ ಒಂದು ವರ್ಷದ ಎಂ.ಎ.ಯ ಪೂರ್ಣ ವೆಚ್ಚ ಭರಿಸುತ್ತದೆ. ಎರಡು ವರ್ಷದ ಕೆಲಸದ ಅನುಭವ ಇರಬೇಕು. ಫೆಲಿಕ್ಸ್ ವಿದ್ಯಾರ್ಥಿವೇತನ ಆಕ್ಸ್‌ಫರ್ಡ್, ರೆಡಿಂಗ್ ಹಾಗೂ ಲಂಡನ್ನಿನ ಸೋಆಸ್ ಸಂಸ್ಥೆಗಳಲ್ಲಿ ಭಾರತೀಯ ವಿದ್ಯಾರ್ಥಿಗಳಿಗೆ ಸಿಗುತ್ತ ಬಂದಿದೆ. ಕಾಮನ್‌ವೆಲ್ತ್, ರೋಡ್ಸ್, ಇನ್‌ಲ್ಯಾಕ್ಸ್ ಕೂಡ ಇವೆ. ಯೂರೋಪಿನ ಎರಾಸ್ಮಸ್ ಮುಂಡುಸ್ ಕೋರ್ಸುಗಳಲ್ಲಿ ಆಯ್ಕೆಯಾದವರಿಗೆ ಶುಲ್ಕವಿಲ್ಲ, ಮೇಲೆ ತಿಂಗಳಿಗೆ 1,400 ಯೂರೊ.

ನಮ್ಮ ರಾಜ್ಯದ ಸಮಾಜ ಕಲ್ಯಾಣ ಇಲಾಖೆ ಪರಿಶಿಷ್ಟ ಜಾತಿ, ಪಂಗಡಗಳ ವಿದ್ಯಾರ್ಥಿಗಳಿಗಾಗಿ ‘ಪ್ರಬುದ್ಧ’ ಯೋಜನೆ ರೂಪಿಸಿದೆ. ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವೂ ಉಂಟು. ಆದರೆ ಇತಿಹಾಸದ ವಿದ್ಯಾರ್ಥಿಗಳು ಇಲ್ಲಿ ಎಚ್ಚರವಹಿಸಬೇಕು. 2022ರ ಮಾರ್ಗಸೂಚಿಯಲ್ಲಿ ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ ಮತ್ತು ಭಾರತವನ್ನು ಕುರಿತ ಸಾಮಾಜಿಕ ಅಧ್ಯಯನಗಳನ್ನು ಅದರಿಂದ ಹೊರಗಿಡಲಾಯಿತು. ನಮ್ಮ ಊರಿನ ದಲಿತ ಹುಡುಗನೊಬ್ಬ ತನ್ನ ಜನರ ಚರಿತ್ರೆಯನ್ನು ಹೊರಗೆ ಹೋಗಿ ಓದುತ್ತೇನೆಂದರೆ ಈ ಬಾಗಿಲು ಮುಚ್ಚಿತೆಂದೇ ಅರ್ಥ. ಆಗ ಇದಕ್ಕೆ ಸಾಕಷ್ಟು ವಿರೋಧ ಬಂತು. ಅರ್ಜಿ ಹಾಕುವ ಮುನ್ನ ಆ ವರ್ಷದ ಮಾರ್ಗಸೂಚಿಯನ್ನು ಪೂರ್ತಿ ಓದಿಕೊಳ್ಳುವುದು ಒಳಿತು.

ಜರ್ಮನಿಯ ದಾರಿ ಇನ್ನೊಂದು. ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುತೇಕ ಶುಲ್ಕವಿಲ್ಲ. ಹೈಡಲ್‌ಬರ್ಗ್ ಇರುವ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ಮಾತ್ರ ವಿದೇಶಿಯರಿಗೆ ಸೆಮಿಸ್ಟರಿಗೆ 1,500 ಯೂರೊ. ಹೈಡಲ್‌ಬರ್ಗ್‌ನ ದಕ್ಷಿಣ ಏಷ್ಯಾ ಸಂಸ್ಥೆ 1962ರಿಂದ ನಡೆಯುತ್ತಿದೆ. ಜೀವನ ವೆಚ್ಚಕ್ಕೆ ಒಂದು ವರ್ಷದ 11,904 ಯೂರೊ ಹಣವನ್ನು ಖಾತೆಯಲ್ಲಿ ಮುಂಗಡವಾಗಿ ಇಡಬೇಕೆಂಬ ನಿಯಮ 2024ರಲ್ಲಿ ಬಂತು. ಕೋರ್ಸು ಎರಡು ವರ್ಷ. ಜರ್ಮನ್ ಕಲಿಯಲೇಬೇಕು. ಬಾಸೆಲ್ ಮಿಶನ್ನಿನ ಪತ್ರಗಳನ್ನು ಓದುವ ಹಂಬಲವಿರುವವರು ಆ ಕಾಲದ ಜರ್ಮನ್ ಕೈಬರಹವನ್ನೂ ಕಲಿಯಬೇಕು.

ಎಲ್ಲಕ್ಕಿಂತ ಭದ್ರವಾದ ದಾರಿ ಮಾತ್ರ ಮನೆಯ ಹತ್ತಿರದ್ದೇ. ಮೈಸೂರು, ಧಾರವಾಡ, ಹೈದರಾಬಾದು ಅಥವಾ ದೆಹಲಿಯಲ್ಲಿ ಕಡಿಮೆ ಶುಲ್ಕದಲ್ಲಿ ಎಂ.ಎ. ಮುಗಿಸಿ, ಪಿಎಚ್.ಡಿಗೆ ಹೊರಗೆ ಹೋಗುವುದು. ಎಂ.ಎ.ಗೆ ವಿದ್ಯಾರ್ಥಿಯೇ ಹಣ ಕಟ್ಟಬೇಕು. ಪಿಎಚ್.ಡಿಗಾದರೆ ಅಮೆರಿಕ, ಯೂರೋಪಿನ ಹಲವು ವಿಶ್ವವಿದ್ಯಾಲಯಗಳು ಶುಲ್ಕ ಬಿಟ್ಟು ಜೀವನವೇತನವನ್ನೂ ಕೊಡುತ್ತವೆ. ಸ್ಥಾನಗಳು ಬೆರಳೆಣಿಕೆಯಷ್ಟು, ಸ್ಪರ್ಧೆ ತೀವ್ರ. ಆದರೆ ಅದಕ್ಕಾಗಿ ತೋಟ ಒತ್ತೆ ಇಡಬೇಕಾಗಿಲ್ಲ.

ಪೋಷಕರು ಕೇಳಬೇಕಾದ್ದು

ಹೋಗಿಯೇ ಹೋಗುತ್ತೇವೆ ಎನ್ನುವವರ ತಂದೆತಾಯಿಗಳು ಮಕ್ಕಳನ್ನು ಕೆಲವು ಮಾತು ಕೇಳಬೇಕು. ಯಾವ ವಿಷಯದ ಮೇಲೆ ಪ್ರಬಂಧ? ಅದರ ದಾಖಲೆ ಎಲ್ಲಿದೆ? ಅಲ್ಲಿ ಈ ವಿಷಯ ಬಲ್ಲ ಅಧ್ಯಾಪಕರು ಯಾರು, ಅವರು ಆ ವರ್ಷ ರಜೆಯಲ್ಲಿಲ್ಲ ತಾನೆ? ಈ ಪ್ರಶ್ನೆಗಳಿಗೆ ಉತ್ತರವಿಲ್ಲದಿದ್ದರೆ ಇನ್ನೊಂದು ವರ್ಷ ಕಾಯುವುದೇ ಲೇಸು. ಪ್ರವೇಶ ಕೊಡಿಸುವ ಏಜೆಂಟರಿಗೆ ವಿಶ್ವವಿದ್ಯಾಲಯಗಳಿಂದ ಕಮಿಷನ್ ಬರುತ್ತದೆ. ಅವರ ಸಲಹೆಯನ್ನು ಅದನ್ನು ತಿಳಿದೇ ಕೇಳಿ.

ಪದವಿಗೆ ಇಲ್ಲಿ ಮಾನ್ಯತೆ ಉಂಟೇ ಎಂಬುದು ಇನ್ನೊಂದು ಪ್ರಶ್ನೆ. ಬ್ರಿಟನ್ನಿನ ಒಂದು ವರ್ಷದ ಎಂ.ಎ.ಯನ್ನು ಇಲ್ಲಿ ಬಹುಕಾಲ ಸಮಾನವೆಂದು ಒಪ್ಪುತ್ತಿರಲಿಲ್ಲ. ಇದರಿಂದ ಉಪನ್ಯಾಸಕ ಹುದ್ದೆಗೆ ಅರ್ಜಿ ಹಾಕಿದವರು ತೊಂದರೆಗೆ ಸಿಲುಕುತ್ತಿದ್ದರು. 2022ರ ಜುಲೈ 21ರಂದು ಎರಡೂ ದೇಶಗಳು ಒಪ್ಪಂದ ಮಾಡಿಕೊಂಡ ಮೇಲೆ ಈ ತೊಡಕು ಸಡಿಲವಾಯಿತು. 2025ರಲ್ಲಿ ಯುಜಿಸಿ ವಿದೇಶಿ ಪದವಿಗಳ ಸಮಾನತೆಗೆ ಹೊಸ ನಿಯಮಾವಳಿಯನ್ನೂ ಹೊರಡಿಸಿದೆ. ಆದರೂ ನೆಟ್ ಅಥವಾ ಕೆ-ಸೆಟ್ ಪರೀಕ್ಷೆ ಇಲ್ಲವೇ ಪಿಎಚ್.ಡಿ ಇಲ್ಲದೆ ಇಲ್ಲಿ ಕಾಲೇಜಿನ ಕಾಯಂ ಹುದ್ದೆ ಸಿಗದು. ಲಂಡನ್ನಿನ ಪದವಿಯೂ ಈ ನಿಯಮಕ್ಕೆ ಹೊರತಲ್ಲ.

ತಯಾರಿಗೆ ಒಂದು ವರ್ಷ ಬೇಕೇ ಬೇಕು. ಹೆಚ್ಚಿನ ವಿದ್ಯಾರ್ಥಿವೇತನಗಳ ಅರ್ಜಿ ಕೋರ್ಸು ಆರಂಭವಾಗುವ ವರ್ಷಕ್ಕೆ ಮುಂಚಿನ ಆಗಸ್ಟಿನಿಂದ ಜನವರಿಯೊಳಗೆ ಮುಗಿದುಹೋಗುತ್ತದೆ. ಮೇ ತಿಂಗಳಲ್ಲಿ ಪ್ರವೇಶಪತ್ರ ಹಿಡಿದು ಹಣ ಹುಡುಕುವವರಿಗೆ ಉಳಿಯುವುದು ಬ್ಯಾಂಕೊಂದೇ.

ನಮ್ಮ ಹುಡುಗಿಗೂ ಆದದ್ದು ಅದೇ. ‘ಮಗಳು ಹೋಗಲಿ. ಆದರೆ ತೋಟ ಒತ್ತೆ ಇಟ್ಟು ಬೇಡ, ಈ ವರ್ಷ ಬೇಡ’ ಎಂದೆ. ಅವಳ ಕಣ್ಣಲ್ಲಿ ನೀರಿತ್ತು. ಹೋಗುವಾಗ ನನ್ನ ಜೊತೆ ಮಾತಾಡಲಿಲ್ಲ. ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ ಎಂಬುದನ್ನು ಮುಚ್ಚಿಡುವುದಿಲ್ಲ.

ಮೂರು ತಿಂಗಳ ನಂತರ ಅವಳೇ ಫೋನ್ ಮಾಡಿದಳು. ಮೈಸೂರಿನಲ್ಲಿ ಎಂ.ಎ. ಸೇರಿದ್ದಾಳೆ. ರಜೆಯಲ್ಲಿ ಪತ್ರಾಗಾರಕ್ಕೆ ಹೋಗಿ ಕಡತ ಬಿಡಿಸುತ್ತಾಳೆ. ನಗರ ದಂಗೆಯ ಬಗ್ಗೆ ಕಂಪನಿ ಸರ್ಕಾರ ನೇಮಿಸಿದ ಸಮಿತಿಯ 1833ರ ವರದಿಯನ್ನು ಪೂರ್ತಿ ಓದಿ ಮುಗಿಸಿದ್ದಾಳೆ. ಯಾವ ಕಾಗದ ಇಲ್ಲಿದೆ, ಯಾವುದಕ್ಕೆ ಲಂಡನ್ನಿಗೇ ಹೋಗಬೇಕು ಎಂಬ ಪಟ್ಟಿ ಈಗ ಅವಳ ಬಳಿ ಇದೆ. ಈ ವರ್ಷ ಪೂರ್ಣ ವೆಚ್ಚ ಕೊಡುವ ಕಡೆಗಳಿಗೆ ಮಾತ್ರ ಅರ್ಜಿ ಹಾಕಿದ್ದಾಳೆ. ಒಂದು ಕಡೆಯಿಂದ ಇಲ್ಲ ಎಂದು ಬಂದಿದೆ, ಉಳಿದವು ಬರಬೇಕು.

ಕಳೆದ ತಿಂಗಳು ಅವರ ಮನೆಗೆ ಹೋಗಿದ್ದೆ. ಜಗಲಿಯಲ್ಲಿ ಅಡಿಕೆ ಸುಲಿಯುತ್ತ ಕೂತಿದ್ದ ತಂದೆ ಹಣದ ಮಾತು ಎತ್ತಲೇ ಇಲ್ಲ. ಮಗಳ ಕಡೆ ತಿರುಗಿ, ‘ಅಲ್ಲ ಮಗಾ, ಆ ಕೂಟದ ಕಾಗದದಲ್ಲಿ ನಮ್ಮೂರಿನ ಹೆಸರು ಇದೆಯೇನೇ?’ ಎಂದು ಕೇಳಿದರು.

‘ಇನ್ನೂ ಸಿಕ್ಕಿಲ್ಲ ಅಪ್ಪಯ್ಯ, ಹುಡುಕ್ತಾ ಇದೀನಿ’ ಎಂದಳು.